ಗೇಟಿನಲ್ಲಿ ಇಳಿದುಹೋದ ಅಣ್ಣ

ನಾನು ಮೊದಲಿನಿಂದಲೂ ಪುಕ್ಕಲಿ. ಹೇಳಿಕೊಳ್ಳಲು ನಾಚಿಕೆಯೇನಿಲ್ಲ, ನಮ್ಮ ಬೀದಿಗೆಲ್ಲ ಗೊತ್ತಿರುವ ಸಂಗತಿ. ಕುಕ್ಕರ್ ಕೂಗುವುದು ತಡವಾದರೆ ಸಿಡಿದೀತೆಂದು ಹಿತ್ತಲಿಗೆ ಓಡುವವಳು ನಾನು. ನಮ್ಮ ಯಜಮಾನರು ನೂಲು ತರಲು ಪೇಟೆಗೆ ಹೋದವರು ಹೊತ್ತಿಗೆ ಸರಿಯಾಗಿ ಬರದಿದ್ದರೆ, ಮನಸ್ಸಿನಲ್ಲೇ ಆಸ್ಪತ್ರೆಗೆ ಹೋಗಿ, ಡಾಕ್ಟರ ಹತ್ತಿರ ಮಾತಾಡಿ, ಅತ್ತು ಮುಗಿಸಿರುತ್ತೇನೆ. ಇಂಥವಳ ಕೈಗೆ ದೇವರು ನನ್ನ ಅಣ್ಣನನ್ನು ಒಪ್ಪಿಸಿದ.

ಅಣ್ಣ ನನಗಿಂತ ದೊಡ್ಡವನು, ತಲೆ ಅರ್ಧ ನರೆತಿದೆ. ಹುಟ್ಟಿನಿಂದಲೇ ಅವನ ಬುದ್ಧಿಯ ಬೆಳವಣಿಗೆ ನಿಧಾನ. ಮಾತು ಕಡಿಮೆ, ಓದು ಬರಹ ಹತ್ತಲಿಲ್ಲ. ಅಂಗಿಯ ಗುಂಡಿ ಹಾಕಿಕೊಳ್ಳಲು ಅವನಿಗೆ ಬೇಕಾದಷ್ಟು ಹೊತ್ತು ಕೊಡಬೇಕು, ಕೊಟ್ಟರೆ ಒಂದೂ ತಪ್ಪುವುದಿಲ್ಲ. ಅಮ್ಮ ಹೋದ ಮೇಲೆ ಅವನನ್ನು ನೋಡಿಕೊಳ್ಳುವುದು ನನ್ನ ಪಾಲಿಗೆ ಬಂತು. ನನ್ನನ್ನು ಸಹಿಸಿಕೊಳ್ಳುವುದು ಅವನ ಪಾಲಿಗೆ.

ದೊಡ್ಡಬಳ್ಳಾಪುರದಲ್ಲಿ ನಮ್ಮದು ಮಗ್ಗದ ಮನೆ. ನಡುಮನೆಯಲ್ಲೇ ಪವರ್‌ಲೂಮುಗಳಿವೆ, ಅಡುಗೆಮನೆಯಲ್ಲಿ ನಿಂತು ಕೂಗಿದರೂ ಪಡಸಾಲೆಗೆ ಕೇಳುವುದಿಲ್ಲ. ಹೊಸಬರಿಗೆ ಆ ಸದ್ದಿನಲ್ಲಿ ತಲೆನೋವು ಬರುತ್ತದೆ, ನಮಗೆ ನಿದ್ದೆ ಬರುತ್ತದೆ. ಕರೆಂಟು ಹೋದಾಗ ಮಾತ್ರ ಎಲ್ಲ ಗಪ್ಪಾಗುತ್ತದೆ. ಆಗ ಇಡೀ ಬೀದಿ ಎದ್ದು ಹೊರಗೆ ಬರುತ್ತದೆ. ಯಾರೋ ಬೀಡಿ ಹಚ್ಚುತ್ತಾರೆ, ಯಾರೋ ಟೀ ತರಿಸುತ್ತಾರೆ, ಹೆಂಗಸರು ಜಗಲಿಯ ಮೇಲೆ ಕೂತು ಸೊಪ್ಪು ಸೋಸುತ್ತಾರೆ. ಎಲ್ಲೋ ಒಂದು ಮನೆಯಲ್ಲಿ ಮಗ್ಗ ಟಕಟಕ ಅಂದರೆ ಸಾಕು, ಕರೆಂಟು ಬಂತೆಂದು ಎಲ್ಲರೂ ಎದ್ದು ಒಳಗೆ ಹೋಗುತ್ತಾರೆ. ಹೋಗಿ, ಬನ್ನಿ ಎಂದು ಯಾರೂ ಯಾರಿಗೂ ಹೇಳಬೇಕಿಲ್ಲ. ಅಣ್ಣ ಕೂಸಾಗಿದ್ದಾಗಿನಿಂದ ಕಂಡದ್ದು ಇದನ್ನೇ.

ಬಾಶೆಟ್ಟಿಹಳ್ಳಿ ಕಡೆ ಅಣ್ಣನಂಥವರಿಗೆಂದೇ ಒಂದು ಹಗಲು ಕೇಂದ್ರವಿದೆ. ಮಕ್ಕಳ ಶಾಲೆಯಲ್ಲ. ವಯಸ್ಸಾಗಿ ಶಾಲೆಯೂ ಇಲ್ಲದೆ, ಕೆಲಸವೂ ಸಿಗದೆ ಮನೆಯ ಮೂಲೆ ಹಿಡಿದವರಿಗಾಗಿ ನಾಲ್ಕಾರು ತಂದೆತಾಯಿಗಳು ಸೇರಿ ಬಾಡಿಗೆ ಮನೆಯಲ್ಲಿ ನಡೆಸುವಂಥದ್ದು. ಅಲ್ಲಿ ಅವರೆಲ್ಲ ಬಟ್ಟೆ ಚೀಲ ಮಾಡುತ್ತಾರೆ, ಸೊಪ್ಪು ಬೆಳೆಯುತ್ತಾರೆ, ಮಧ್ಯಾಹ್ನ ಒಟ್ಟಿಗೆ ಅಡುಗೆ ಮಾಡಿ ಉಣ್ಣುತ್ತಾರೆ, ಜಗಳವನ್ನೂ ಆಡುತ್ತಾರೆ. ಅಣ್ಣನಿಗೆ ಅಲ್ಲಿ ಒಬ್ಬ ಗೆಳೆಯ ಸಿಕ್ಕಿದ. ಅಷ್ಟು ವಯಸ್ಸಿಗೆ ಅವನಿಗೆ ಸಿಕ್ಕ ಮೊದಲ ಗೆಳೆಯ. ದಿನವೂ ಸ್ಕೂಟರಿನಲ್ಲಿ ನಾನೇ ಬಿಟ್ಟು ಕರೆತರುತ್ತಿದ್ದೆ.

ಒಂದು ದಿನ ಅಲ್ಲಿನ ಮೇಡಂ ನನ್ನನ್ನು ಕೂರಿಸಿಕೊಂಡು, "ಅಕ್ಕಾ, ಇವ್ರು ಒಬ್ರೇ ಬಸ್ಸಲ್ಲಿ ಬರೋದು ಕಲೀಲಿ," ಅಂದರು. ವಯಸ್ಸಿನಲ್ಲಿ ನನಗಿಂತ ಚಿಕ್ಕವರು, ಮಾತಿನಲ್ಲಿ ಮಾತ್ರ ಜಗ್ಗುವವರಲ್ಲ.

"ಅವನಿಗೆ ಏನಾದ್ರೂ ಆದ್ರೆ?" ಅಂದೆ.

"ನಿಮಗೆ ಏನಾದ್ರೂ ಆದ್ರೆ?" ಅಂದರು ಅವರು.

ನನಗೆ ಸಿಟ್ಟು ಬಂತು. ನಾನು ಹಾಸಿಗೆ ಹಿಡಿದರೆ ಅಣ್ಣ ಜಗಲಿಗೆ ಸೇರುತ್ತಾನೆ, ಆಮೇಲೆ ಅಲ್ಲಿಂದ ಏಳುವುದಿಲ್ಲ ಎಂಬುದು ನನಗೂ ಗೊತ್ತಿತ್ತು. ಗೊತ್ತಿದ್ದ ಭಯವನ್ನೇ ಇನ್ನೊಬ್ಬರು ಬಾಯಿಬಿಟ್ಟು ಹೇಳಿದರೆ ತಡೆದುಕೊಳ್ಳುವುದು ಕಷ್ಟ.

ಕಲಿಸುವುದರಲ್ಲಿ ಮೇಡಂಗೆ ಅವರದೇ ಒಂದು ಕ್ರಮವಿತ್ತು. ಮೊದಲು ಬಸ್ಸಿನಲ್ಲಿ ಅಣ್ಣನ ಪಕ್ಕ ಕೂತರು. ಆಮೇಲೆ ಹಿಂದಿನ ಸೀಟಿಗೆ ಹೋದರು. ಕೊನೆಗೆ ಬೇರೆ ಸ್ಟಾಪಿನಲ್ಲಿ ಹತ್ತಿ, ಇವನನ್ನು ಕಂಡೂ ಕಾಣದ ಹಾಗೆ ಕೂತರು. ಅದಕ್ಕಿಂತ ಹೆಚ್ಚಾಗಿ, ದಾರಿಯುದ್ದಕ್ಕೂ ಅಣ್ಣನ ಪರಿಚಯ ಮಾಡಿಸಿದರು. ಬಸ್‌ಸ್ಟಾಪಿನ ಹೂವಿನವಳಿಗೆ, ಟೀ ಅಂಗಡಿಯವನಿಗೆ, ಕಂಡಕ್ಟರಿಗೆ, "ಇವ್ರು ದಿನಾ ಹೀಗೇ ಹೋಗ್ತಾರೆ, ಗಲಿಬಿಲಿ ಆದಂಗೆ ಕಂಡ್ರೆ ಒಂದು ಫೋನ್ ಮಾಡಿ," ಎಂದು ಹೇಳಿದರು. ಅವನ ಜೇಬಿನಲ್ಲಿ ನನ್ನ ನಂಬರಿನ ಚೀಟಿ ಇಟ್ಟರು. ಊರಿಗೆಲ್ಲ ಡಂಗುರ ಸಾರುತ್ತಿದ್ದಾರಲ್ಲ ಎಂದು ನನಗೆ ಮೈ ಉರಿಯಿತು. ಆದರೆ ಹೂವಿನವಳು ಮಾರನೆಯ ದಿನದಿಂದಲೇ "ಏನಣ್ಣಾ, ತಿಂಡಿ ಆಯ್ತಾ?" ಎಂದು ಅವನನ್ನು ಮಾತಾಡಿಸತೊಡಗಿದಳು. ಅದುವರೆಗೆ ಬೀದಿಯಲ್ಲಿ ಜನ ನನ್ನನ್ನು ಕೇಳುತ್ತಿದ್ದರು, ಅವನಿಗೆ ತಿಂಡಿ ಆಯಿತಾ ಎಂದು.

ಅವನು ಒಬ್ಬನೇ ಹೋಗುವ ದಿನ ಬಂತು. ಹಿಂಬಾಲಿಸುವುದಿಲ್ಲ ಎಂದು ಮೇಡಂ ನನ್ನಿಂದ ಮಾತು ತೆಗೆದುಕೊಂಡಿದ್ದರು. ಬಸ್ಸು ಹತ್ತಿಸಿ ಮನೆಗೆ ಬಂದೆ. ಸೌತೆಕಾಯಿ ಹೆಚ್ಚಲು ಕೂತು, ಸಿಪ್ಪೆಯನ್ನು ಪಾತ್ರೆಗೆ ಹಾಕಿ ಹೋಳನ್ನು ಹಸುವಿನ ಬುಟ್ಟಿಗೆ ಹಾಕಿದೆ. ಅಷ್ಟರಲ್ಲಿ ಫೋನು ಬಂತು.

"ಅಕ್ಕಾ, ಇವತ್ತು ಕಳಿಸ್ಲಿಲ್ವಾ?" ಅಂದರು ಮೇಡಂ.

ನಾನು ಏನು ಹೇಳಿದೆನೋ ನೆನಪಿಲ್ಲ. ನಮ್ಮ ಯಜಮಾನರು ಹೇಳುವ ಪ್ರಕಾರ, ನಾನು ಕತ್ತಿ ಹಿಡಿದುಕೊಂಡೇ ಬಾಗಿಲ ತನಕ ಹೋದೆನಂತೆ. ಅವರು ಬಸ್‌ಸ್ಟ್ಯಾಂಡಿನ ಕಡೆ ಹೋದರು, ನಾನು ಸ್ಕೂಟರ್ ತೆಗೆದೆ. ಹೊರಟವಳು ದಾರಿಯಲ್ಲಿ ನಿಂತು ನಿಂತು ಗೊತ್ತಿದ್ದವರಿಗೆಲ್ಲ ಫೋನು ಮಾಡಿದೆ. ಕಂಡಕ್ಟರ್ ಸಿಕ್ಕಿದ. "ರೈಲ್ವೆ ಗೇಟ್ ಹಾಕಿತ್ತಮ್ಮ. ಸೆಕೆ ಅಂತ ಬೇರೆಯವ್ರೂ ಇಳಿದ್ರು, ಇವ್ರೂ ಇಳಿದ್ರು. ಎಲ್ರ ಜೊತೆ ಹತ್ಕೊಂಡ್ರು ಅಂತ್ಲೇ ಅಂದ್ಕೊಂಡೆ," ಅಂದ.

ರೈಲ್ವೆ ಗೇಟ್. ಅಣ್ಣನಿಗೆ ರೈಲೆಂದರೆ ಆಸೆ. ಮಾಕಳಿದುರ್ಗದ ಕಡೆ ಹೋಗುವ ರೈಲಿಗೆ ಮಕ್ಕಳ ಜೊತೆ ನಿಂತು ಕೈ ಬೀಸುತ್ತಾನೆ. ಹಳಿ ದಾಟುವಾಗ ಎರಡೂ ಕಡೆ ನೋಡಬೇಕೆಂದು ಅವನಿಗೆ ಯಾರಾದರೂ ಕಲಿಸಿದ್ದರೋ ಇಲ್ಲವೋ. ನಾನಂತೂ ಕಲಿಸಿರಲಿಲ್ಲ. ಹಳಿಯ ಹತ್ತಿರ ಅವನು ಒಬ್ಬನೇ ಇರುತ್ತಾನೆ ಎಂದು ಯಾರಿಗೆ ಗೊತ್ತಿತ್ತು?

ಗೇಟಿನ ಹತ್ತಿರ ಜನ ಗುಂಪುಗೂಡಿ ಕೆಳಗೆ ಬಗ್ಗಿ ಏನನ್ನೋ ನೋಡುತ್ತಿದ್ದರು. ಸ್ಕೂಟರಿಗೆ ಸ್ಟ್ಯಾಂಡ್ ಹಾಕಲು ಕಾಲು ಬರಲಿಲ್ಲ, ಹಾಗೇ ಬೇಲಿಗೆ ಒರಗಿಸಿದೆ. ಹೆಜ್ಜೆ ಮುಂದಿಡಲು ಆಗಲಿಲ್ಲ. ನೋಡದಿದ್ದರೆ ಇನ್ನೂ ಏನೂ ಆಗಿಲ್ಲ ಎಂದು ಅಲ್ಲೇ ನಿಂತಿದ್ದೆ. ಯಾರೋ ಪಕ್ಕಕ್ಕೆ ಸರಿದಾಗ ಕಂಡದ್ದು ಹಾಲು. ಹಾಲಿನವನೊಬ್ಬ ಅವಸರದಲ್ಲಿ ಗೇಟಿನ ಕೆಳಗೆ ಗಾಡಿ ನುಗ್ಗಿಸಲು ಹೋಗಿ ಬಿದ್ದಿದ್ದ, ಕ್ಯಾನು ಉರುಳಿ ಟಾರಿನ ಮೇಲೆಲ್ಲ ಹಾಲು ಹರಿದಿತ್ತು. ಪಾಪ, ಅವನು ಅಳುವ ಹಾಗಿದ್ದ. ನಾನು ಮಾತ್ರ ಆ ಹಾಲಿಗೆ ಕೈಮುಗಿದೆ.

ಆದರೆ ಅಣ್ಣ ಇರಲಿಲ್ಲ. ಗೇಟಿನವರನ್ನು ಕೇಳಿದೆ, ಕಂಡಿಲ್ಲ ಅಂದರು. ಹಳಿಯ ಎರಡೂ ಬದಿ ಕಣ್ಣು ಹಾಯುವಷ್ಟು ದೂರ ನೋಡಿದೆ. ಕೂಗಿದೆ. ಫ್ಯಾಕ್ಟರಿ ಬಸ್ಸುಗಳು, ಬೈಕುಗಳು, ಲಾರಿಗಳು, ಈ ಗದ್ದಲದಲ್ಲಿ ನನ್ನ ಕೂಗು ನನಗೇ ಕೇಳಿಸಲಿಲ್ಲ. ಅಷ್ಟರಲ್ಲಿ ಇನ್ನೊಂದು ರೈಲಿಗೆ ಗೇಟು ಹಾಕಿದರು. ಬಸ್ಸು ಬಂದು ನಿಂತು ಎಂಜಿನ್ ಆಫ್ ಮಾಡಿತು. ಅದರ ಹಿಂದೆ ಲಾರಿಯೂ ಆಫ್ ಆಯಿತು. ಒಂದೊಂದಾಗಿ ಎಲ್ಲ ಗಾಡಿಗಳೂ ಸುಮ್ಮನಾದವು.

ಆ ಗಪ್ಪಿನಲ್ಲಿ, ಕರೆಂಟು ಹೋದಾಗಿನಂತೆ, ನನ್ನ ಮೈ ತಾನಾಗಿ ಹೊರಗೆ ಹೋಗಲು ಹೊರಟಿತು. ಆಗಲೇ ಬೀದಿಯಲ್ಲಿ ನಿಂತಿದ್ದವಳು ಇನ್ನೆಲ್ಲಿ ಹೋಗುವುದು? ನನಗೆ ಥಟ್ಟನೆ ಹೊಳೆಯಿತು. ಸದ್ದು ನಿಂತಿತು, ಅಣ್ಣ ಎದ್ದು ಹೊರಗೆ ಬಂದ. ಮನೆಯಲ್ಲಿ ಮಾಡುವುದನ್ನೇ ಬಸ್ಸಿನಲ್ಲಿ ಮಾಡಿದ. ಹಾಗಾದರೆ ಸದ್ದು ಬಂದ ಮೇಲೆ ಎಲ್ಲಿಗೆ ಹೋದ? ಕಿವಿಗೊಟ್ಟೆ. ರಸ್ತೆಯ ಆಚೆ, ತಗಡಿನ ಶೆಡ್ಡುಗಳ ಕಡೆಯಿಂದ ಮಗ್ಗದ ಟಕಟಕ ಕೇಳುತ್ತಿತ್ತು.

ಮೊದಲ ಶೆಡ್ಡಿನಲ್ಲಿ ಇರಲಿಲ್ಲ. ಎರಡನೆಯದರಲ್ಲಿ ಅಣ್ಣ ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕೂತು, ಲಾಳಿಗೆ ಹಾಕುವ ನೂಲಿನ ಕಂಡಿಕೆಗಳನ್ನು ಬಣ್ಣ ನೋಡಿ ಬೇರೆ ಮಾಡುತ್ತಿದ್ದ. ಪಕ್ಕದಲ್ಲಿ ಟೀ ಲೋಟ. ಆ ಮನೆಯ ಹೆಂಗಸು ಸೆರಗು ತಲೆಗೆ ಎಳೆದುಕೊಳ್ಳುತ್ತ ಬಂದರು. ಮನೆಮಾತು ದಖ್ಖನಿ, ಕನ್ನಡ ನಮ್ಮದೇ.

"ಸೀದಾ ಬಂದು ಕೂತ್ಕೊಂಡ್ಬಿಟ್ರು ಅಕ್ಕಾ. ಯಾರಪ್ಪಾ ಅಂದ್ರೆ 'ಕರೆಂಟ್ ಬಂತು' ಅಂತಾರೆ. ಜೇಬಲ್ಲಿ ನಂಬರ್ ಇತ್ತು. ನಮ್ಮನೆಯವ್ರು ಎಷ್ಟು ಸಲ ಮಾಡಿದ್ರೂ ಎಂಗೇಜ್ ಬರ್ತೈತೆ."

ಬರದೆ ಇನ್ನೇನು? ಅರ್ಧ ತಾಲ್ಲೂಕಿಗೆ ಫೋನು ಮಾಡುತ್ತಿದ್ದವಳು ನಾನೇ.

ಅಣ್ಣನನ್ನು ಹಿಡಿದುಕೊಂಡು ಅತ್ತೆ, ಬೈದೆ, ಮತ್ತೆ ಅತ್ತೆ. ಅವನು ಕಿವಿ ಮುಚ್ಚಿಕೊಂಡು ಗೋಡೆಗೆ ಒತ್ತಿ ಕೂತ. ಬಸ್ಸಿಗೆ ಹೆದರಿರಲಿಲ್ಲ, ಗೇಟಿಗೆ ಹೆದರಿರಲಿಲ್ಲ, ಗುರುತಿಲ್ಲದ ಮನೆಗೆ ಹೆದರಿರಲಿಲ್ಲ. ಅವತ್ತು ಅವನು ಹೆದರಿದ್ದು ನನ್ನನ್ನು ನೋಡಿ ಮಾತ್ರ. ಆ ಹೆಂಗಸು ನನಗೂ ಒಂದು ಲೋಟ ಟೀ ಕೊಟ್ಟು, "ಸಿಕ್ಕಿದ್ರಲ್ಲ, ಬಿಡಿ," ಅಂದರು.

ನಾನು ಬಿಡಲಿಲ್ಲ. ಇನ್ನು ಬಸ್ಸಿನಲ್ಲಿ ಕಳಿಸುವುದಿಲ್ಲ ಎಂದು ಮೇಡಂಗೆ ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟೆ. ಸ್ಕೂಟರಿನಲ್ಲಿ ಕರೆದುಕೊಂಡು ಹೋಗುತ್ತೇನೆಂದರೆ ಅಣ್ಣ ಹತ್ತಲಿಲ್ಲ. "ಬಸ್ಸು," ಅಂದ. ಬೆಳಿಗ್ಗೆ ಎದ್ದು ಗುಂಡಿ ಹಾಕಿಕೊಂಡು, ಚೀಲ ತಗಲಿಸಿಕೊಂಡು ಬಾಗಿಲಲ್ಲಿ ನಿಲ್ಲುತ್ತಿದ್ದ. ನಾನು ಚಿಲಕ ಹಾಕುತ್ತಿದ್ದೆ. ಕೆಲವು ದಿನ ಹೀಗೇ ನಡೆಯಿತು. ಆಮೇಲೆ ಒಂದು ಬೆಳಿಗ್ಗೆ ಅವನು ಗುಂಡಿ ಹಾಕಿಕೊಳ್ಳಲಿಲ್ಲ. ಬನಿಯನ್ನಿನಲ್ಲೇ ಜಗಲಿಗೆ ಹೋಗಿ ಕೂತ. ಅದನ್ನು ನೋಡಿ ನನಗೆ ಗೇಟಿನ ಹತ್ತಿರ ಆದದ್ದಕ್ಕಿಂತ ಹೆಚ್ಚು ಭಯವಾಯಿತು. ನಾನೇ ಮೇಡಂಗೆ ಫೋನು ಮಾಡಿದೆ.

ಅವರು ಮನೆಗೆ ಬಂದರು. ಮಾತಿನ ನಡುವೆ ಕರೆಂಟು ಹೋಯಿತು. ನಾನು, ನಮ್ಮ ಯಜಮಾನರು, ನೇಯುವವರು, ಅಣ್ಣ, ಎಲ್ಲರೂ ಎದ್ದು ಹೊರಟೆವು. ಮೇಡಂ ಒಬ್ಬರೇ ನಡುಮನೆಯಲ್ಲಿ ಕೂತು ನಮ್ಮನ್ನು ನೋಡುತ್ತಿದ್ದರು.

"ನೀವೆಲ್ಲ ಏಳ್ತಿರೋವಾಗ ಅವ್ರು ಹೆಂಗೆ ಕೂತಿರ್ತಾರೆ ಅಕ್ಕಾ?" ಅಂದರು.

ಹೀಗೆ ಪಾಠ ನಮಗೇ ಶುರುವಾಯಿತು. ಸದ್ದು ನಿಂತರೆ ಯಾರೂ ಏಳಬಾರದು. ಅಣ್ಣ ಎದ್ದರೆ "ಏಳ್ಬಾರ್ದು, ಕೂತ್ಕೋ" ಅನ್ನಬೇಕು, ಅಷ್ಟೇ. ಹೇಳುವುದು ಸುಲಭ. ನೇಯುವವರಿಗೆ ಬೀಡಿ ಇಲ್ಲ, ಟೀ ಇಲ್ಲ. "ಭಾವನ ಜೊತೆ ನಮ್ಮನ್ನೂ ಒಂದನೇ ಕ್ಲಾಸಿಗೆ ಹಾಕಿದಂಗಾಯ್ತು," ಎಂದು ನಮ್ಮ ಯಜಮಾನರು ಗೊಣಗಿದರು. ನಾವು ಕೂತರೂ ಬೀದಿಯಲ್ಲಿ ಜನ ಸೇರುವ ಸದ್ದಿಗೆ ಅಣ್ಣ ಏಳುತ್ತಿದ್ದ. ಆಗ ಮಾನ ಮರ್ಯಾದೆ ಬಿಟ್ಟು ಅಕ್ಕಪಕ್ಕದ ಮನೆಗಳಿಗೂ ಹೋಗಿ ಕೇಳಿಕೊಂಡೆ. ನಗುತ್ತಾರೆ ಅಂದುಕೊಂಡಿದ್ದೆ. ನಕ್ಕರು ಕೂಡ. ಆದರೆ ಮುಂದಿನ ಸಲ ಕರೆಂಟು ಹೋದಾಗ ಬೀದಿಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಕತ್ತಲೆ ಕವಿದ ಮನೆಗಳಲ್ಲಿ, ಸೆಕೆಯಲ್ಲಿ, ಬೆವರು ಒರೆಸಿಕೊಳ್ಳುತ್ತ ಎಲ್ಲರೂ ನಮ್ಮ ಅಣ್ಣನಿಗಾಗಿ ಕೂತಿದ್ದರು. ನನಗೆ ದುಃಖ ಉಕ್ಕಿ ಬಂತು.

ಅಣ್ಣ ಕಲಿಯಲು ತನಗೆ ಬೇಕಾದಷ್ಟು ಹೊತ್ತು ತೆಗೆದುಕೊಂಡ. ಮೇಡಂ ಜೊತೆ ಮತ್ತೆ ಬಸ್ಸು ಹತ್ತಿ ಗೇಟು ದಾಟಿದ. ಮತ್ತೆ ಒಬ್ಬನೇ ಹೋಗುವ ದಿನ ಬಂತು. ಹಿಂಬಾಲಿಸುವುದಿಲ್ಲ ಎಂದು ಈ ಸಲವೂ ಮಾತು ಕೊಟ್ಟೆ. ಬಸ್ಸು ಹೊರಟಿತೋ ಇಲ್ಲವೋ, ಹೆಲ್ಮೆಟ್ ಹಾಕಿಕೊಂಡು ಹಿಂದೆಯೇ ಹೋದೆ. ಹೆದರುವವರು ಕೊಟ್ಟ ಮಾತನ್ನು ಯಾರೂ ನಂಬಬಾರದು.

ನನ್ನ ಹಣೆಬರಹಕ್ಕೆ ಅವತ್ತೂ ಗೇಟು ಹಾಕಿತ್ತು. ಬಸ್ಸು ನಿಂತಿತು. ಎಂಜಿನ್ ಆಫ್ ಆಯಿತು. ಹಿಂದಿದ್ದ ಗಾಡಿಗಳೂ ಸುಮ್ಮನಾದವು. ಬಸ್ಸಿನ ಬಾಗಿಲಲ್ಲಿ ಒಬ್ಬ ಇಳಿದ, ಇನ್ನೊಬ್ಬ ಇಳಿದ. ದೂರದಲ್ಲಿ ರೈಲು ಕೂಗಿತು. ನನ್ನಿಂದ ತಡೆಯಲಾಗಲಿಲ್ಲ. ಸ್ಕೂಟರ್ ಇಳಿದು, ಸ್ಟ್ಯಾಂಡ್ ಹಾಕಿ, ಬಸ್ಸಿನ ಬಾಗಿಲ ಕಡೆ ನಡೆದೇಬಿಟ್ಟೆ.

ಕಿಟಕಿಯಿಂದ ಅಣ್ಣನ ತಲೆ ಹೊರಗೆ ಬಂತು. ಹೆಲ್ಮೆಟ್ ಇದ್ದರೂ ನಾನು ಯಾರೆಂದು ಅವನಿಗೆ ತಿಳಿಯಿತು. ಮುಖದಲ್ಲಿ ಸಿಟ್ಟಿತ್ತು. ಅಣ್ಣ ನನ್ನನ್ನು ಗದರಿಸಿದ್ದು ಅದೇ ಮೊದಲು.

"ಪುಟ್ಟೀ, ಇಳೀಬಾರ್ದು. ಹೋಗಿ ಕೂತ್ಕೋ."

ಕಿಟಕಿಯ ಪಕ್ಕದವರೆಲ್ಲ ನನ್ನನ್ನೇ ನೋಡಿದರು. ತೆಪ್ಪಗೆ ಹಿಂದಕ್ಕೆ ಹೋಗಿ ಸ್ಕೂಟರಿನ ಮೇಲೆ ಕೂತೆ. ಅವನು ತಲೆ ಒಳಗೆ ಎಳೆದುಕೊಂಡ. ರೈಲು ಹೋಯಿತು, ಗೇಟು ಎದ್ದಿತು, ಬಸ್ಸು ಹಳಿ ದಾಟಿ ಬಾಶೆಟ್ಟಿಹಳ್ಳಿ ಕಡೆ ಹೊರಟಿತು. ಹಿಂದಿನವರು ಹಾರನ್ ಹೊಡೆಯುತ್ತಿದ್ದರು. ಸ್ಕೂಟರನ್ನು ತಿರುಗಿಸಿಕೊಂಡು ಮನೆಗೆ ಹೊರಟೆ.