ಎದುರಂಗಡಿಯವರ ವಾಲಿದ ಕುತ್ತಿಗೆ

ಅವರ ಕುತ್ತಿಗೆ ಎಡಕ್ಕೆ ವಾಲಿತ್ತು. ಹುಟ್ಟಿನಿಂದ ಬಂದದ್ದಲ್ಲ, ಗಾಡಿಯ ಮಗ್ಗುಲಿಗೆ ಕೂತು, ಎಡಗಿವಿಯನ್ನು ಎಂಜಿನ್ನಿಗೆ ಕೊಟ್ಟು ಕೇಳಿ ಕೇಳಿ ಅದು ಹಾಗೆಯೇ ನಿಂತುಬಿಟ್ಟಿತ್ತು. ಮದುವೆಮನೆಯಲ್ಲಿ ಊಟಕ್ಕೆ ಕೂತಾಗಲೂ, ಪಕ್ಕದವನ ಹೊಟ್ಟೆಯೊಳಗೆ ಏನೋ ಸದ್ದಾಗುತ್ತಿದೆ ಎಂಬಂತೆ ವಾಲಿಕೊಂಡೇ ಇರುತ್ತಿದ್ದರು. ಊರ ಜನ ಅದನ್ನು ವಿನಯ ಎಂದು ತಿಳಿದರು. ನಾನೂ ಒಂದು ಮಧ್ಯಾಹ್ನ ಅಂಗಡಿಯ ಕನ್ನಡಿಯ ಮುಂದೆ ನಿಂತು ಅದೇ ಪ್ರಕಾರ ಕುತ್ತಿಗೆ ವಾಲಿಸಿ ನೋಡಿದ್ದುಂಟು. ನನಗೆ ವಿನಯ ಬರಲಿಲ್ಲ, ಉಳುಕು ಬಂತು. ಮೂರು ದಿನ ಎಣ್ಣೆ ತಿಕ್ಕಿಸಿಕೊಂಡೆ.

ಬಸವನ ಬಾಗೇವಾಡಿಯಲ್ಲಿ ನನ್ನದು ಗಾಡಿಗಳ ಬ್ಯಾಟರಿ, ಸೆಲ್ಫ್ ಸ್ಟಾರ್ಟರು, ವೈರಿಂಗ್ ಕೆಲಸದ ಅಂಗಡಿ. ರಸ್ತೆಯ ಆಚೆ ಅವರದೂ ಅದೇ ಕೆಲಸ. ನನ್ನ ಗೋಡೆಯ ಮೇಲೆ ಐಟಿಐ ಸರ್ಟಿಫಿಕೇಟು ಗಾಜಿನ ಚೌಕಟ್ಟಿನಲ್ಲಿ ವಿರಾಜಮಾನವಾಗಿತ್ತು. ಬಾಗಿಲ ಮೇಲೆ ಮೂರು ಬಣ್ಣದ ಬೋರ್ಡು, ಕೈಯಲ್ಲಿ ಅಂಕಿ ತೋರಿಸುವ ಮೀಟರು, ಮೈಮೇಲೆ ಇಸ್ತ್ರಿ ಮಾಡಿದ ನೀಲಿ ಕೋಟು. ಅವರಿಗೆ ಬೋರ್ಡೇ ಇರಲಿಲ್ಲ. ಹೋಲ್ಡರಿಗೆ ಎರಡು ವೈರು ಕಟ್ಟಿದ ಒಂದು ಸಣ್ಣ ಬಲ್ಬೇ ಅವರ ಸಮಸ್ತ ಪ್ರಯೋಗಶಾಲೆ. ಹತ್ತಿದರೆ ಕರೆಂಟು ಇದೆ, ಹತ್ತದಿದ್ದರೆ ಇಲ್ಲ. ಇಷ್ಟು ಬಡ ವಿಜ್ಞಾನವನ್ನು ನೆಚ್ಚಿ ಇಂಡಿಯಿಂದ, ಸಿಂದಗಿಯಿಂದ ಗಾಡಿಗಳು ಬಂದು ಸಾಲು ನಿಲ್ಲುತ್ತಿದ್ದವು. ಅದೂ ನನ್ನ ಬೋರ್ಡಿನ ನೆರಳಿನಲ್ಲಿ.

ಎಲ್ಲರೂ ಅವರಿಗೆ ಕಾಕಾ ಎನ್ನುತ್ತಿದ್ದರು, ನನಗೆ ಸರ ಎನ್ನುತ್ತಿದ್ದರು. ವಯಸ್ಸಿನಲ್ಲಿ ನಾನೇ ಎರಡು ವರ್ಷ ಹಿರಿಯ. ಈ ಅನ್ಯಾಯದ ಬಗ್ಗೆ ಯಾವ ಕಚೇರಿಗೆ ಅರ್ಜಿ ಕೊಡಬೇಕೆಂದು ತಿಳಿಯದೆ ಸುಮ್ಮನಿದ್ದೆ.

ಝಳಕಿಯ ಕಡೆಯ ಟ್ರ್ಯಾಕ್ಟರಿನವನೊಬ್ಬ ಒಮ್ಮೆ ನನ್ನ ಅಂಗಡಿಗೇ ಬಂದು, ನನ್ನ ಬೋರ್ಡಿನ ಕೆಳಗೇ ನಿಂತು, "ಸರ, ಕಾಕಾನ ಅಂಗಡಿ ಯಾವದ್ರಿ?" ಎಂದ. ನಾನು ಗಂಭೀರವಾಗಿ ಬಸ್ ಸ್ಟ್ಯಾಂಡಿನ ದಿಕ್ಕು ತೋರಿಸಿದೆ. ಅರ್ಧ ತಾಸಿನ ಮೇಲೆ ಅವನು ಬೆವರೊರೆಸುತ್ತ ಮರಳಿದಾಗ ಎದುರಂಗಡಿಯವರು ಅವನಿಗೆ ಚಹಾ ತರಿಸಿ, ನನಗೂ ಕೇಳುವ ಹಾಗೆ, "ಸರ ಹೇಳಿದ್ದೂ ಬರೊಬ್ಬರಿನ ಐತೋ ತಮ್ಮಾ. ಆ ಕಡೆಯಿಂದ ಊರ ಸುತ್ತ ಹಾಕಿ ಬಂದ್ರೂ ಇಲ್ಲಿಗೇ ಬರತೈತಿ" ಎಂದರು. ಆಮೇಲೆ ನನಗೂ ಒಂದು ಕಪ್ಪು ಕಳಿಸಿದರು. ಚಹಾ ಚೆನ್ನಾಗಿತ್ತು. ಅದೂ ನನಗೆ ಸೇರಲಿಲ್ಲ.

ಯಾರೇ ಬರಲಿ, ಅವರು ಮೊದಲು ಬಾನೆಟ್ಟು ತೆಗೆಯುತ್ತಿರಲಿಲ್ಲ. "ಗಾಡಿ ಎಲ್ಲಿ ಓಡಿ ಹೊಕ್ಕೈತಿ? ನೀ ಮೊದಲ ಕುಂದರು" ಎಂದು ಡ್ರೈವರನನ್ನು ಕೂಡಿಸಿ, ಮನೆಯ ಸಮಾಚಾರದಿಂದ ಸುರುಮಾಡುತ್ತಿದ್ದರು. ಅಷ್ಟರಲ್ಲಿ ನಾನು ಎರಡು ಗಾಡಿ ಬಿಚ್ಚಿ ಮುಗಿಸಬಹುದಿತ್ತು. ಬಿಚ್ಚಲು ಗಾಡಿಗಳು ಇರಲಿಲ್ಲ, ಅದು ಬೇರೆ ಮಾತು.

ನಮ್ಮಿಬ್ಬರ ನಡುವಿನ ವ್ಯಾಜ್ಯ ಕೊನೆಗೆ ಇತ್ಯರ್ಥವಾದದ್ದು ಒಂದು ಹುಲ್ಲಿನ ಗಾಡಿಯ ದೆಸೆಯಿಂದ.

ಮುದ್ದೇಬಿಹಾಳದ ದಾರಿಯಲ್ಲಿ ಒಂದು ವಸತಿ ಶಾಲೆ. ಕಾಲುವೆಯ ನೀರು ಬಂದ ಮೇಲೆ ಅದರ ಮೈದಾನ ಹಸಿರಾಗಿ, ಹುಲ್ಲು ಕತ್ತರಿಸಲು ಮೇಲೆ ಕೂತು ಓಡಿಸುವ, ಟ್ರ್ಯಾಕ್ಟರಿನ ಮರಿಯಂಥ ಯಂತ್ರವೊಂದನ್ನು ತಂದಿದ್ದರು. ಹೊರ್ತಿಯ ಕಡೆಯ ಒಬ್ಬ ಮಾಲಿ ಅದರ ಸಾರಥಿ. ಜೋರು ಗಾಳಿ ಬಂದರೆ ಕಂಬ ಹಿಡಿದುಕೊಳ್ಳಬೇಕಾದಷ್ಟು ಸಣ್ಣ ಆಳು. ಶಾಲೆಯ ಬಸ್ಸು, ಜನರೇಟರು ನನ್ನ ಕೈಯಲ್ಲೇ ಇದ್ದುದರಿಂದ ಈ ಗಾಡಿ ಕೈಕೊಟ್ಟಾಗಲೂ ಕರೆ ನನಗೇ ಬಂತು. ದೂರು ವಿಚಿತ್ರವಾಗಿತ್ತು. ಮುಂಜಾನೆ ಒಂದೇ ಸಲಕ್ಕೆ ಚಾಲೂ ಆಗುತ್ತದೆ. ಹತ್ತು ಗಂಟೆಗೆ ಬಂದ್ ಮಾಡಿ, ಚಹಾ ಕುಡಿದು ಬಂದು ಕೀಲಿ ತಿರುವಿದರೆ ಟಿಕ್ ಎಂದು ಸಹ ಅನ್ನುವುದಿಲ್ಲ.

ಮೊದಲ ಸಲ ಹೋಗಿ ಬ್ಯಾಟರಿ ಅಳೆದೆ, ಟರ್ಮಿನಲ್ಲಿನ ಹಸಿರು ಪುಡಿಯನ್ನು ಸೋಡಾ ನೀರಿನಿಂದ ತೊಳೆದೆ. ಕೀಲಿ ತಿರುವಿದರೆ ಚಾಲೂ. ಮರುದಿನ ಮತ್ತೆ ಕರೆ. ಎರಡನೆಯ ಸಲ ಫ್ಯೂಸು ನೋಡಿದೆ, ಅರ್ಥಿಂಗಿನ ಬೋಲ್ಟು ಬಿಗಿದೆ, ಸೆಲ್ಫಿಗೆ ಕರೆಂಟು ದಾಟಿಸುವ ಸೊಲೆನಾಯ್ಡು ಬಿಸಿಲಿಗೆ ಕಾದು ಕೈಕೊಡುತ್ತಿರಬೇಕೆಂದು ಅದನ್ನೂ ಬದಲಿಸಿದೆ. ಚಾಲೂ. ಮರುದಿನ ಮತ್ತೆ ಕರೆ. ಈ ಜಾತಿಯ ಗಾಡಿಗೆ ಒಂದು ಕಟ್ಟಳೆ ಇದೆ: ಬ್ರೇಕು ತುಳಿದಿರಬೇಕು, ಬ್ಲೇಡು ಬಂದ್ ಇರಬೇಕು, ಸೀಟಿನ ಮೇಲೆ ಮನುಷ್ಯ ಕೂತಿರಬೇಕು. ಒಂದು ತಪ್ಪಿದರೂ ಸೆಲ್ಫಿಗೆ ಕರೆಂಟು ಹೋಗದು. ಮೂರನೆಯ ಸಲ ಆ ಮೂರೂ ಸ್ವಿಚ್ಚುಗಳಿಗೆ ಮೀಟರ್ ಇಟ್ಟೆ. ಸೀಟಿನ ಮೇಲೆ ನಾನೇ ಕೂತೆ, ಎದ್ದೆ, ಮತ್ತೆ ಕೂತೆ. ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದ ಮಾಲಿಯನ್ನೂ ಕೂಡಿಸಿ ನೋಡಿದೆ. ಎಲ್ಲವೂ ಶಾಸ್ತ್ರೋಕ್ತವಾಗಿ ಸರಿಯಿತ್ತು.

ಹೊಟ್ಟೆಯೊಳಗಿನ ಸೋಲು ಬಾಯಿಗೆ ಬರುವಾಗ ತೀರ್ಪಾಗಿ ಬರುತ್ತದೆ. ನಾನು ಶಾಲೆಯ ಮ್ಯಾನೇಜರಿಗೆ, "ಮಷಿನ್ ನೂರಕ್ಕ ನೂರು ಸರಿ ಐತ್ರಿ. ಓಡಸಾಂವನ್ನ ಸ್ವಲ್ಪ ನೋಡ್ರಿ" ಎಂದೆ.

ಮ್ಯಾನೇಜರು ಮಾಲಿಯ ಕಡೆ ತಿರುಗಿ, "ಬಿಸಲಾಗ ದುಡಿಯಾಕ ಬ್ಯಾಸರಾಗಿ ಆಟ ಹೂಡಿಯೇನು? ಸೋಮವಾರ ಮತ್ತ ಬಂದ್ ಬಿತ್ತಂದ್ರ ಗಂಟು ಕಟ್ಟು" ಎಂದರು. ಸೋಮವಾರ ನಾನೂ ಸಾಕ್ಷಿಯಾಗಿ ಬರಬೇಕೆಂದು ಹೇಳಿದರು. ಮಾಲಿ ನನ್ನ ಮುಖ ನೋಡಿದ. ಆ ನೋಟದಲ್ಲಿ ಸಿಟ್ಟಿದ್ದಿದ್ದರೆ ಒಳ್ಳೆಯದಿತ್ತು.

ರವಿವಾರ ಅವನು ಎದುರಂಗಡಿಯ ಕಟ್ಟೆಯ ಮೇಲೆ ಕೂತಿರುವುದನ್ನು ಕಂಡೆ. ಎದುರಂಗಡಿಯವರು ಕುತ್ತಿಗೆ ವಾಲಿಸಿ ಕೇಳುತ್ತಿದ್ದರು. ಒಮ್ಮೆಯೂ ನನ್ನ ಅಂಗಡಿಯ ಕಡೆ ನೋಡಲಿಲ್ಲ. ನೋಡಿದ್ದರೆ ಬೈಯಲು ನನಗೊಂದು ಕಾರಣ ಸಿಗುತ್ತಿತ್ತು.

ಸೋಮವಾರ ಅವರು ಬಸ್ಸಿಳಿದು ಹಿಂದಿನ ಗೇಟಿನಿಂದ ಬಂದು, ಚಪ್ಪಲಿ ಬಿಟ್ಟು ಬೇವಿನ ಗಿಡದ ಕೆಳಗೆ ಕೂತರು. ಅಲ್ಲೇ ಕುಕ್ಕರಗಾಲಿನಲ್ಲಿ ಕೂತಿದ್ದ ಮಾಲಿ ಅವರನ್ನು ಕಂಡು ಏಳದೆ ಹಾಗೆಯೇ ಇದ್ದ. ನಾನು ಮ್ಯಾನೇಜರ ಜೊತೆ ಬಂದದ್ದೇ ತಡ, ಚಂಗನೆ ಎದ್ದು ನಿಂತು ಕೈಮುಗಿದ. ಎದುರಂಗಡಿಯವರು ಅವನ ಧೋತರದ ಚುಂಗು ಹಿಡಿದು ಜಗ್ಗಿದರು.

"ಯಾಕ ಏಳತಿ? ಇಲ್ಲಿ ಯಾರೂ ಇಲ್ಲಂತ ತಿಳಕೊ. ದಿನಾ ಚಹಾ ಕುಡದು ಬಂದು ಏನ ಮಾಡತಿ ಅದನ್ನ ಮಾಡು."

"ಸಾಹೇಬ್ರು ಅದಾರ್ರಿ ಕಾಕಾ…"

"ಇರಲಿ ಬಿಡು, ಗಿಡನೂ ಐತಿ. ಗಿಡಕ್ಕ ನಾಚತಿಯೇನು?"

ಮಾಲಿ ತಡವರಿಸುತ್ತ ಶೆಡ್ಡಿನೊಳಗೆ ಹೋಗಿ ಒಂದು ಹರಕು ಕೌದಿ ತಂದ. ಹಳೆಯ ಸೀರೆಗಳ ತುಂಡು ಕೂಡಿಸಿ ಹೊಲಿದದ್ದು. ನಾಲ್ಕು ಮಡಿಕೆ ಮಾಡಿ ಸೀಟಿನ ಮೇಲೆ ಹಾಸಿದ. ಜಾರಬಾರದೆಂದು ಅದರ ತುದಿಗಳನ್ನು ಹಾಸಿಗೆಯ ಅಂಚಿಗೆ ಸಿಗಿಸುವ ಹಾಗೆ ಸೀಟಿನ ಅಡಿಗೆ ಒತ್ತಿ ಒತ್ತಿ ಸಿಗಿಸಿದ. ಹತ್ತಿ ಕೂತ. ಬ್ರೇಕು ತುಳಿದು ಕೀಲಿ ತಿರುವಿದ. ಟಿಕ್ ಅನ್ನಲಿಲ್ಲ.

"ಅದೇನೋ ಅದು?" ಎಂದೆ.

"ಕೌದಿ ರೀ ಸರ. ಬಿಸಲೇರಿದ ಮ್ಯಾಲ ಸೀಟ್ ಸುಡತೈತ್ರಿ. ನೀವು ಬರ್ತೀರಂದ್ರ ತಗದ ಒಳಗಿಡತಿದ್ನಿರಿ. ದೊಡ್ಡ ಮನಷ್ಯಾರ ಮುಂದ ಹರಕ ಕೌದಿ ಚಂದ ಕಾಣಂಗಿಲ್ಲಂತ…"

ಸೀಟಿನಡಿಯಲ್ಲಿ ಕೌದಿಯ ಉಂಡೆ. ಮೇಲೆ ಮಾಲಿಯ ಹಗುರ ಮೈ. ಸೀಟು ಕೆಳಗಿಳಿಯದೆ ಅದರಡಿಯ ಸ್ವಿಚ್ಚು ಕೂಡುತ್ತಿರಲಿಲ್ಲ. ಗಾಡಿಯ ಪಾಲಿಗೆ ಅಲ್ಲಿ ಮನುಷ್ಯನೇ ಇರಲಿಲ್ಲ. ಎದುರಂಗಡಿಯವರು ಎದ್ದು ಹೋಗಿ ಸಿಗಿಸಿದ ತುದಿಗಳನ್ನಷ್ಟೇ ಹೊರಗೆಳೆದರು. ಮಾಲಿ ಮತ್ತೆ ಕೀಲಿ ತಿರುವಿದ. ಗಾಡಿ ಗುರ್ರೆಂದಿತು. ಬಲ್ಬನ್ನು ಕೂಡ ಅವರು ಜೇಬಿನಿಂದ ತೆಗೆದಿರಲಿಲ್ಲ.

ಇಷ್ಟಕ್ಕೇ ಬಿಟ್ಟಿದ್ದರೆ ಅವರನ್ನು ನೆಮ್ಮದಿಯಿಂದ ದ್ವೇಷಿಸಬಹುದಿತ್ತು. ಅವರು ಮ್ಯಾನೇಜರಿಗೆ ಹೇಳಿದರು: "ಇದು ಈ ತಮ್ಮನ ತಪ್ಪಲ್ರಿ, ಸರ ಅವರದೂ ಅಲ್ಲ. ಅವರು ಎಲ್ಲಾ ವೈರು ನೋಡ್ಯಾರಂತ ನಾ ವೈರ್ ಮುಟ್ಟಲಿಲ್ಲ. ಇಲ್ಲಾಂದ್ರ ನಾನೂ ಮೂರು ದಿನ ಅದರಾಗ ಸಿಕ್ಕೊಂಡಿರತಿದ್ನಿ."

ಮ್ಯಾನೇಜರು ಇಬ್ಬರಿಗೂ ಕೈಮುಗಿದರು. ಮಾಲಿಯ ಕೆಲಸ ಉಳಿಯಿತು. ನನ್ನ ಮಾನವನ್ನೂ ಅವರೇ ಉಳಿಸಿಕೊಟ್ಟದ್ದರಿಂದ ಅದು ನನ್ನದೆಂದು ಅನ್ನಿಸಲಿಲ್ಲ.

ಮರಳುವಾಗ ನನ್ನ ಬೈಕಿನ ಹಿಂದೆ ಕೂತರು. ವಾಲಿದ ಕುತ್ತಿಗೆಯಿಂದಾಗಿ ಅವರ ಬಾಯಿ ಸರಿಯಾಗಿ ನನ್ನ ಕಿವಿಗೇ ಬರುತ್ತಿತ್ತು. ತಡೆಯಲಾಗದೆ ಕೇಳಿದೆ: "ನಿಮಗ ಮೊದಲ ಗೊತ್ತಿತ್ತೇನ್ರಿ?"

"ಏನೂ ಗೊತ್ತಿರಲಿಲ್ರಿ. ನನ್ನ ನೋಡಿ ಯಾರೂ ಏಳಂಗಿಲ್ಲ, ಅದೊಂದು ಅನುಕೂಲ." ಸ್ವಲ್ಪ ದೂರ ಹೋದ ಮೇಲೆ, "ನಿಮ್ಮ ಕೋಟಿನ ಇಸ್ತ್ರಿ ಭಾಳ ಚಲೋ ಇರತೈತ್ರಿ ಸರ" ಎಂದರು. ಅದು ಹೊಗಳಿಕೆಯೋ ಚುಚ್ಚೋ ಎಂದು ಆ ದಾರಿಯುದ್ದಕ್ಕೂ ಯೋಚಿಸಿದೆ. ಈಗಲೂ ಯೋಚಿಸುತ್ತಿದ್ದೇನೆ.

ಹೋದ ಶ್ರಾವಣದಲ್ಲಿ ಅವರು ತೀರಿಕೊಂಡರು. ಮುಂಜಾನೆ ಅಂಗಡಿಯ ಕದ ತೆರೆದು, ಕಟ್ಟೆಯ ಮೇಲೆ ಕೂತವರು ಏಳಲಿಲ್ಲ. ಯಾವುದೋ ಗಾಡಿಯ ಸದ್ದು ಕೇಳುತ್ತಿದ್ದಾರೆಂದು ಜನ ಅರ್ಧ ತಾಸು ಮಾತಾಡಿಸಿರಲಿಲ್ಲವಂತೆ. ಮಣ್ಣು ಕೊಡಲು ಸುತ್ತಲಿನ ನಾಲ್ಕು ತಾಲೂಕಿನಿಂದ ಟ್ರ್ಯಾಕ್ಟರು, ಟಂಟಂ, ಜೀಪು ಬಂದವು. ಮಣ್ಣು ಮುಗಿದು ಹೊರಡುವಾಗ ನಾನು ಒಂದು ಬದಿಗೆ ನಿಂತು ಕೇಳಿದೆ. ಪ್ರತಿಯೊಂದು ಗಾಡಿಯೂ ಒಂದೇ ಸೆಲ್ಫಿಗೆ ಚಾಲೂ ಆಯಿತು. ಒಂದಾದರೂ ಕೆಮ್ಮಲೆಂದು ಕಾದೆ, ದೇವರಾಣೆ ಕಾದೆ. ಒಂದೂ ಕೆಮ್ಮಲಿಲ್ಲ. ಕೊನೆಯ ಗಾಡಿ ಹೋದ ಮೇಲೆ ಕಣ್ಣೊರೆಸಿಕೊಂಡೆ. ಇಂಥ ಕೆಲಸಗಾರನ ಮೇಲೆ ಮತ್ಸರಪಡುವ ಯೋಗ್ಯತೆ ಆ ಊರಲ್ಲಿ ನನಗೊಬ್ಬನಿಗೇ ಇತ್ತು.

ಈ ಬೇಸಿಗೆಯಲ್ಲಿ ಶಾಲೆಯಿಂದ ಮತ್ತೆ ಕರೆ ಬಂತು, ಅದೇ ಹುಲ್ಲಿನ ಗಾಡಿ. ಕೋಟನ್ನು ಮೊಳೆಗೆ ನೇತುಹಾಕಿ, ಹಿಂದಿನ ಗೇಟಿನಿಂದ ಹೋದೆ. ಮಾಲಿ ಬೇವಿನ ಗಿಡದ ಕೆಳಗೆ ಕೌದಿ ಹಾಸಿಕೊಂಡು ಕೂತಿದ್ದ. ನನ್ನನ್ನು ನೋಡಿದ. ಎದ್ದು ನಿಲ್ಲಬೇಕೋ ಬೇಡವೋ ಎಂದು ಅವನ ಮೊಣಕಾಲುಗಳು ಒಂದು ಕ್ಷಣ ವಿಚಾರ ಮಾಡಿದವು. ಆಮೇಲೆ, ಕೂತಲ್ಲಿಂದಲೇ ಸರಿದು, ಕೌದಿಯ ಅರ್ಧ ಭಾಗ ನನ್ನ ಕಡೆ ಬಿಟ್ಟ.

ಆ ಅರ್ಧ ಯಾರದೆಂದು ನನಗೆ ಗೊತ್ತಿತ್ತು. ಆದರೂ ಕೂತೆ. "ಹೇಳಪಾ, ಏನಾತು?" ಎಂದು ಕುತ್ತಿಗೆಯನ್ನು ಒಂದಿಷ್ಟು ಎಡಕ್ಕೆ ವಾಲಿಸಿದೆ. ಈ ಸಲ ಉಳುಕಲಿಲ್ಲ.