ಬಾವನಿಗೆ ಆರಿಸಿಕೊಟ್ಟ ಬಂದೂಕು

ನನ್ನ ಬಾವನಿಗೆ ನಾನು ತಿಳಿದೂ ತಿಳಿದೂ ಕೆಲಸಕ್ಕೆ ಸಾಲದ ಬಂದೂಕನ್ನು ಆರಿಸಿಕೊಟ್ಟೆ. ಆಮೇಲೆ, ತಪ್ಪು ಬಂದೂಕಿನದಲ್ಲ, ಅವನ ಗುರಿಯದು ಎಂದು ಊರೆಲ್ಲ ನಂಬಿದಾಗ — ಬಾಯಿ ಮುಚ್ಚಿಕೊಂಡಿದ್ದೆ. ಎರಡರಲ್ಲಿ ದೊಡ್ಡ ದ್ರೋಹ ಯಾವುದೆಂದು ಕೇಳಿದರೆ ಎರಡನೆಯದು ಎನ್ನುತ್ತೇನೆ. ಮೊದಲನೆಯದಕ್ಕೆ ಒಂದು ಗಳಿಗೆಯ ಆಸೆ ಸಾಕಾಯಿತು. ಎರಡನೆಯದನ್ನು ದಿನವೂ ಎದ್ದು ಹೊಸದಾಗಿ ಮಾಡಬೇಕಿತ್ತು. ಮಾಡಿದೆ.

ಬಾವ ಎಂದರೆ ತಿಮ್ಮರಾಯಪ್ಪ, ನನ್ನ ಅಕ್ಕ ಮುನಿಯಮ್ಮನ ಗಂಡ. ಹೊಸೂರು ಕಡೆಯ ಅಂಚೆಟ್ಟಿಯಿಂದ ಇನ್ನೂ ಒಳಗೆ, ಕಾಡಿನ ಅಂಚಿನ ಹಳ್ಳಿ ಅವನದು. ರಾಗಿ, ಹುರುಳಿ ಬೆಳೆಯುವ ಹೊಲ. ಕೊಯ್ಲಿಗೆ ಮುಂಚೆ ಹಂದಿ, ಕಡವೆ ಬಂದು ತಮ್ಮ ಪಾಲು ತಿಂದು ಹೋಗುತ್ತಿದ್ದವು. ಬೆಳೆ ಕಾಯಲೆಂದು ಸರ್ಕಾರ ಕೊಟ್ಟ ಲೈಸೆನ್ಸಿನ ಮೇಲೆ ಅವನ ಬಳಿ ಮದ್ದು ಜಡಿಯುವ ಹಳೆಯ ಬಂದೂಕೊಂದಿತ್ತು. ಒಂದೇಟು ಹೊಡೆದರೆ ಇನ್ನೊಂದಕ್ಕೆ ಮದ್ದು ಸುರಿದು, ಗುಂಡು ಹಾಕಿ, ಸಲಾಕೆಯಿಂದ ಜಡಿಯಬೇಕು. ಅಷ್ಟರಲ್ಲಿ ಹಂದಿ ಆಚೆ ಗುಡ್ಡದಲ್ಲಿರುತ್ತಿತ್ತು. ಹಾಗಾಗಿ ಬಾವ ಎರಡನೇ ಏಟನ್ನು ನಂಬಿದವನೇ ಅಲ್ಲ. ‘ತಿಮ್ಮರಾಯಪ್ಪ ಬಂದೂಕು ಎತ್ಕೊಂಡ್ರೆ ಮಸಾಲೆ ಅರ್ಯಕ್ ಕೂತ್ಕೋಬೋದು’ ಎಂದು ಆ ಊರಿನ ಹೆಂಗಸರು ಮಾತಾಡಿಕೊಳ್ಳುತ್ತಿದ್ದರು.

ನಾನು ಬಾಗಲೂರಿನವನು. ಯುದ್ಧದ ಕಾಲದಲ್ಲಿ ಬೆಂಗಳೂರಿನ ದಂಡಿನಲ್ಲಿ ಬಂದೂಕು ರಿಪೇರಿಯ ಕೆಲಸಕ್ಕಿದ್ದೆ. ಯುದ್ಧ ಮುಗಿದು ಊರಿಗೆ ಬಂದ ಮೇಲೆ ಬಂದೂಕಿನ ವಿಷಯದಲ್ಲಿ ನನ್ನ ಮಾತೇ ಕೊನೆಯ ಮಾತು. ಬಾವನಿಗಂತೂ ಅದು ವೇದವಾಕ್ಯ.

ಮತ್ತಿಗಿರಿ ಕಡೆ ಬಂಗಲೆ ಕಟ್ಟಿಕೊಂಡಿದ್ದ ಬಿಳಿಯ ದೊರೆಯೊಬ್ಬರಿದ್ದರು. ಅವರು ಶಿಕಾರಿಗೆ ಬಂದಾಗಲೆಲ್ಲ ಕಾಡು ತೋರಿಸುತ್ತಿದ್ದವನು ಬಾವ. ಸ್ವಾತಂತ್ರ್ಯ ಬಂತು, ದೊರೆ ತಮ್ಮ ದೇಶಕ್ಕೆ ಹೊರಟರು. ಹೊರಡುವ ಮುಂಚೆ ಬಾವನನ್ನು ಕರೆಸಿದರು. ಜೊತೆಗೆ ನಾನೂ ಹೋದೆ. ಬಂಗಲೆಯ ಹಿಂದಿನ ಜಗಲಿಯ ಮೇಲೆ ಎರಡು ರೈಫಲ್ಲುಗಳನ್ನು ಇಟ್ಟಿದ್ದರು.

“ರೆಂಡು ಇರುಕ್ಕು. ಒನ್ನು ಉನಕ್ಕು” ಎಂದರು ತಮ್ಮ ಅರೆಬರೆ ತಮಿಳಿನಲ್ಲಿ. ಎರಡಿವೆ, ಒಂದು ನಿನಗೆ. ಇನ್ನೊಂದನ್ನು ಯಾರಿಗೆ ಕೊಡಲಿ ಎಂದು ಕೇಳಿದಾಗ ಬಾವ ಹಿಂದೆಮುಂದೆ ನೋಡದೆ ನನ್ನ ಹೆಗಲ ಮೇಲೆ ಕೈಯಿಟ್ಟ. “ಇವ್ನಿಗೆ.”

ಇದನ್ನು ನೀವು ಮರೆಯಬಾರದು. ನನಗೆ ಆ ಬಂದೂಕು ಸಿಕ್ಕಿದ್ದೇ ಬಾವನಿಂದ.

ಎರಡೂ ಅವಳಿಗಳ ಹಾಗಿದ್ದವು, ಅಮೆರಿಕದಲ್ಲಿ ಮಾಡಿದವು. ಕುದುರೆ ಎಳೆದರೆ ಗುಂಡು ಹಾರಿ, ಖಾಲಿ ತೋಟಾ ತಾನಾಗಿ ಆಚೆ ಬಿದ್ದು, ಹೊಸದು ತಾನಾಗಿ ಒಳಗೆ ಕೂರುತ್ತಿತ್ತು. ಮತ್ತೆ ಕುದುರೆ ಎಳೆದರೆ ಆಯಿತು. ಸಲಾಕೆ ಹಿಡಿದು ಸವೆದಿದ್ದ ಬಾವನ ಕೈಗೆ ಅದೊಂದು ಪವಾಡ. ಅವುಗಳ ನಡುವೆ ವ್ಯತ್ಯಾಸವಿದ್ದದ್ದು ನಳಿಕೆಯ ಬಾಯಲ್ಲಿ. ಒಂದು ಇಪ್ಪತ್ತೈದರದು — ಅಂಗುಲವನ್ನು ನೂರು ಪಾಲು ಮಾಡಿದರೆ ಇಪ್ಪತ್ತೈದು ಪಾಲಿನಷ್ಟು ಅಗಲ. ಇನ್ನೊಂದು ಮೂವತ್ತೈದರದು. ಕೇಳುವುದಕ್ಕೆ ಅಂತರ ಅಷ್ಟೇ. ಆದರೆ ಎರಡರ ಗುಂಡುಗಳನ್ನೂ ಅಂಗೈ ಮೇಲಿಟ್ಟುಕೊಂಡರೆ ದೊಡ್ಡದು ಹೆಚ್ಚುಕಡಿಮೆ ಎರಡರಷ್ಟು ತೂಗುತ್ತಿತ್ತು. ಇಪ್ಪತ್ತೈದು ಬಯಲಿನ ಜಿಂಕೆಗೆ. ನಮ್ಮ ಪೊದೆಗಾಡಿನಲ್ಲಿ, ಹತ್ತು ಮಾರಿನಾಚೆಯಿಂದ ನುಗ್ಗಿ ಬರುವ ಹಂದಿಗೆ, ಕರಡಿಗೆ ಮೂವತ್ತೈದೇ ಬೇಕು. ಕಾಟಿಯಂಥ ಕಾಡುಕೋಣಕ್ಕೆ ಅದೂ ಸಾಲದು. ಆದರೂ ಒಂದೇ ಬಂದೂಕು ಇಟ್ಟುಕೊಳ್ಳುವವನು ಅದನ್ನೇ ಇಟ್ಟುಕೊಳ್ಳಬೇಕು. ಇದೆಲ್ಲ ನನಗೆ ಗೊತ್ತಿತ್ತು. ಚೆನ್ನಾಗಿ ಗೊತ್ತಿತ್ತು.

ಹಿತ್ತಲಿನ ಒಣಗಿದ ಹುಣಸೆ ಬೊಡ್ಡೆಗೆ ಬಾವ ಎರಡರಿಂದಲೂ ಹೊಡೆದು ನೋಡಿದ. ದೊಡ್ಡದರ ಏಟಿಗೆ ಮುಷ್ಟಿಗಾತ್ರದ ಚಕ್ಕೆ ಎದ್ದಿತು. ಬಾವ ಆ ಗುಳಿಯೊಳಗೆ ಬೆರಳಾಡಿಸಿದ.

“ಇದ್ರೇಟು ಗಟ್ಟಿ ಅಲ್ವೇನ್ಲಾ ನಂಜಪ್ಪ? ನಂಗಿರೋದೊಂದೇ ಬಂದೂಕು. ಹಂದಿ ಬಂದ್ರೂ ಅದೇ, ಕರಡಿ ಬಂದ್ರೂ ಅದೇ. ಎಲ್ಲಕ್ಕೂ ಆಗೋದು ಯಾವ್ದು ಅಂತ ನೀನೇ ಹೇಳು. ನೀನು ಬಲ್ಲೋನು.”

ಅಷ್ಟರಲ್ಲಾಗಲೇ ದೊಡ್ಡದು ನನ್ನ ಕಣ್ಣಲ್ಲಿ ಕೂತುಬಿಟ್ಟಿತ್ತು. ಅದರ ಹಿಡಿ ನನ್ನ ಭುಜಕ್ಕೇ ಕಡೆದಂತಿತ್ತು — ಬೇಡ, ಅದನ್ನು ಹೇಳಿ ಏನು ಫಲ.

“ಒದೀತದೆ ಬಾವ ಅದು. ದೂರಕ್ಕೋದ್ರೆ ಗುಂಡು ಇಳ್ದುಬುಡ್ತದೆ. ಇದು ನೋಡು, ಹಗುರ. ನೆಟ್ಟಗೆ ಓಯ್ತದೆ. ಐದು ತೋಟಾ ಇಡೀತದೆ. ಮೇಲಾಗಿ ದೊಡ್ದುಕ್ಕೆ ಇನ್ಮೇಲೆ ತೋಟಾ ಸಿಕ್ಕಲ್ಲ.”

“ಮತ್ತೆ ನಿಂಗೆ?”

“ನಂಗೇನು, ದಂಡಲ್ಲಿ ನಮ್ಮೋರವ್ರೆ. ಎಂಗೋ ತರುಸ್ಕೊತೀನಿ.”

“ಇದೇ ಸಾಕಾ?”

“ಇದೇ ಸಾಕು ಬಾವ. ಎಲ್ಲಕ್ಕೂ ಆಯ್ತದೆ.”

ಒದೆಯುತ್ತದೆ ಎಂದದ್ದು ನಿಜ. ಗುಂಡು ಇಳಿಯುತ್ತದೆ ಎಂದದ್ದೂ ನಿಜ. ಐದು ತೋಟಾ ಹಿಡಿಯುವುದೂ ನಿಜ. ಎರಡೂ ಐದೇ ಹಿಡಿಯುತ್ತಿದ್ದವು. ತೋಟಾ ಸಿಗುವುದಿಲ್ಲ ಎಂದದ್ದು ಸುಳ್ಳು. ಕೊನೆಯ ಮಾತಂತೂ... ಬಾವ ನಕ್ಕು ಚಿಕ್ಕದನ್ನು ಹೆಗಲಿಗೇರಿಸಿದ. ದಾರಿಯುದ್ದಕ್ಕೂ ನನ್ನ ಜಾಣತನವನ್ನು ಹೊಗಳುತ್ತಲೇ ಬಂದ.

ಮುಂದಿನ ಹುಣಸೆ ಕಾಲಕ್ಕೆ, ಕಾಯಿ ಆಯಲು ಹೋಗಿದ್ದ ಹೆಂಗಸೊಬ್ಬಳ ತಲೆಯ ಚರ್ಮವನ್ನು ಕರಡಿಯೊಂದು ಕಿತ್ತು ಹಾಕಿತು. ಊರವರು ಬಾವನ ಬಾಗಿಲಿಗೆ ಬಂದರು. ಬಾವ ನನಗೆ ಹೇಳಿಕಳಿಸಿದ. ಹೊರಡುವಾಗ ಅಕ್ಕ ಹೊಸ್ತಿಲಲ್ಲಿ ನಿಂತು ಕೇಳಿದಳು — “ಆ ಬಂದೂಕು ಸರ್ಯಾಗ್ ಅದೇನೋ?” “ಸರ್ಯಾಗ್ ಅದೆ ಅಕ್ಕ” ಎಂದೆ. ‘ಬಾವ, ಇವತ್ತು ಬಂದೂಕು ಬದಲಾಯಿಸಿಕೊಳ್ಳೋಣ’ ಎಂದಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಏಕೆ ಎಂದು ಅವನು ಕೇಳುತ್ತಿದ್ದ.

ಒಣಗಿದ ಹಳ್ಳದಲ್ಲಿ ಬಾವ ಮುಂದೆ, ನಾನು ಹಿಂದೆ. ದಂಡೆಯ ಲಾಂಟಾನ ಪೊದೆಯಿಂದ ಕರಡಿ ಎದ್ದು ಬಂತು. ಬಾವ ಅದರ ಎದೆಗೇ ಹೊಡೆದ. ಕರಡಿ ಮನುಷ್ಯರ ಹಾಗೆ ಕೂಗಿತು, ನಿಲ್ಲಲಿಲ್ಲ. ಮತ್ತೆ ಹೊಡೆದ. ಮತ್ತೆ. ಪ್ರತಿ ಏಟಿಗೂ ಅದರ ಎದೆಯ ಕೂದಲಿಂದ ದೂಳು ಹಾರಿದ್ದನ್ನು ನಾನು ಕಣ್ಣಾರೆ ಕಂಡೆ. ಒಂದೂ ತಪ್ಪಲಿಲ್ಲ. ಬಾವ ನಡುವೆ ಇದ್ದದ್ದರಿಂದ ನಾನು ಹೊಡೆಯುವಂತಿರಲಿಲ್ಲ. ಐದು ತೋಟಾಗಳೂ ಮುಗಿದು ಕುದುರೆ ಬರಿದೇ ಟಕ್ ಎಂದಾಗ ಕರಡಿ ಅವನ ಮೇಲಿತ್ತು. ಅವನ ಬಲಗೈ ಅದರ ಬಾಯಲ್ಲಿತ್ತು. ನಾನು ಪಕ್ಕಕ್ಕೆ ಓಡಿ, ಅದರ ಹೆಗಲ ಹಿಂದೆ ನಳಿಕೆ ಒತ್ತಿ ಒಂದು ಸಲ ಹೊಡೆದೆ. ಕುಸಿದುಬಿತ್ತು.

ಬಾವ ನೆಲದಿಂದಲೇ ಕರಡಿಯನ್ನು ನೋಡಿದ. ನನ್ನ ಬಂದೂಕನ್ನು ನೋಡಿದ. ಆಮೇಲೆ ನನ್ನನ್ನು.

“ನಿಂಗೆ ಗೊತ್ತಿತ್ತೇನ್ಲಾ?”

“ಏನು ಬಾವ?” ಎಂದೆ.

ಅವನು ಮತ್ತೆ ಕೇಳಲಿಲ್ಲ. ಆ ದಿನವೂ ಇಲ್ಲ, ಯಾವತ್ತೂ ಇಲ್ಲ.

ಊರವರು ಅವನನ್ನು ಗಾಡಿಯಲ್ಲಿ ಮಲಗಿಸಿಕೊಂಡು ಡೆಂಕಣಿಕೋಟೆಗೆ, ಅಲ್ಲಿಂದ ಹೊಸೂರಿನ ಆಸ್ಪತ್ರೆಗೆ ಒಯ್ದರು. ನಾನು ಜೊತೆಗೆ ಹೋಗಲಿಲ್ಲ. ಕರಡಿಯನ್ನು ನಾನು ನೋಡಿಕೊಳ್ಳುತ್ತೇನೆಂದು ಉಳಿದುಕೊಂಡೆ. ತೊಗಲು ಸುಲಿದೆ. ಎದೆಯ ಮೇಲೆ ಒಂದು ಗೇಣಿನೊಳಗೆ ಐದೂ ತೂತುಗಳು. ಚಿಕ್ಕ ಗುಂಡುಗಳು ಕೊಬ್ಬು, ಮಾಂಸ, ಮೂಳೆಗೆ ಸಿಡಿದು ನಿಂತಿದ್ದವು. ಗುಂಡಿಗೆಯವರೆಗೆ ಒಂದೂ ಹೋಗಿರಲಿಲ್ಲ. ಅಂಥ ಗುರಿಯನ್ನು ನಾನು ದಂಡಿನಲ್ಲೂ ಕಂಡವನಲ್ಲ. ತೊಗಲನ್ನು ಹಳ್ಳದಲ್ಲೇ ಸುಟ್ಟೆ.

ಬಾವನ ಬಲಗೈಯನ್ನು ಮೊಣಕೈಯಿಂದ ಕೆಳಗೆ ತೆಗೆದರು. ಮನೆಗೆ ಬಂದ ಮೇಲೆ ಜನ ಕೇಳಿದರು. ನಾನು ಅಲ್ಲೇ ಕಂಬಕ್ಕೆ ಒರಗಿ ನಿಂತಿದ್ದೆ. ಈಗ ಹೇಳುತ್ತಾನೆ, ಈಗ — ಎಂದು ಅವನ ಬಾಯನ್ನೇ ನೋಡುತ್ತಿದ್ದೆ.

“ಗುರಿ ತಪ್ತು” ಎಂದ ಬಾವ.

ಏಕೆ ಹಾಗೆಂದನೋ. ಅಕ್ಕನಿಗೆ ತವರು ಉಳಿಯಲಿ ಎಂದೋ, ನಾನೇ ಬಾಯಿಬಿಡಲೆಂದು ಕಾದನೋ. ನಾನು ಬಿಡಲಿಲ್ಲ. ‘ಐದೇಟಲ್ಲಿ ಒಂದೂ ಬೀಳಲಿಲ್ಲವಂತೆ’ ಎಂಬ ಮಾತು ಅಂಚೆಟ್ಟಿಯ ಸಂತೆಯವರೆಗೆ ಹೋಯಿತು. ಹುಡುಗರು ಅವನನ್ನು ಕಂಡು ಖಾಲಿ ಕೈಯಲ್ಲಿ ಗುರಿಯಿಡುವಂತೆ ನಟಿಸಿ ನಕ್ಕರು. ಹೊಲದ ಕೆಲಸವೆಲ್ಲ ಅಕ್ಕನ ಮೇಲೆ ಬಿತ್ತು. ದಣಿದ ದಿನ ಅವಳೂ ಅಂದುಬಿಡುತ್ತಿದ್ದಳು — “ನೆಟ್ಟಗೆ ಒಂದೇಟು ವಡ್ಯಕ್ಕಾಗ್ದೋರು ಯಾಕೋಗ್ಬೇಕಿತ್ತು?” ನನ್ನೆದುರೇ ಅನ್ನುತ್ತಿದ್ದಳು. ಬಾವ ತಲೆಯೆತ್ತಿ ನನ್ನನ್ನು ನೋಡುತ್ತಿರಲಿಲ್ಲ. ನೋಡಿದ್ದರೆ — ಹೇಳಿಬಿಡುತ್ತಿದ್ದೆ ಎಂದು ಎಷ್ಟೋ ಸಲ ಅಂದುಕೊಂಡಿದ್ದೇನೆ. ಅದೂ ಸುಳ್ಳಿರಬೇಕು.

ಹೋದ ವರ್ಷ ಬಾವ ತೀರಿಕೊಂಡ. ಮೊನ್ನೆ ಅಕ್ಕನ ಮುಂದೆ ಕೂತು ಎಲ್ಲವನ್ನೂ ಹೇಳಿದೆ. ಬಂದೂಕು, ತೋಟಾ, ಸುಟ್ಟ ತೊಗಲು. ಹುರುಳಿ ಕೇರುತ್ತಿದ್ದ ಅಕ್ಕ ಮೊರ ಕೆಳಗಿಟ್ಟಳು. ಅಳುತ್ತಾಳೆ, ಶಾಪ ಹಾಕುತ್ತಾಳೆ ಎಂದುಕೊಂಡಿದ್ದೆ.

“ಕೈ ಓಯ್ತು, ಓಗ್ಲಿ. ನೀನು ಆಸೆಬುರುಕ, ಅದೂ ಓಗ್ಲಿ” ಎಂದಳು. ಮೊರವನ್ನು ಪಕ್ಕಕ್ಕೆ ಸರಿಸಿ, “ಇಷ್ಟ್ ವರ್ಷ ನನ್ ಬಾಯಲ್ಲಿ ಅವ್ರನ್ನ ಅನ್ನುಸ್ಬುಟ್ಯಲ್ಲೋ. ಅನ್ನೋವಾಗ ಅಲ್ಲೇ ಕೂತಿದ್ದಲ್ಲೋ ನೀನು” ಎಂದಳು.

ಕೈ ಕಳೆದದ್ದು ಕರಡಿ ಎನ್ನಬಹುದೇನೋ. ಅಕ್ಕನ ಬಾಯಿಂದ ಆ ಮಾತುಗಳನ್ನು ಆಡಿಸಿದ್ದು ಬೇರೆ ಯಾರೂ ಅಲ್ಲ.

ಹೊತ್ತು ನೆತ್ತಿಗೆ ಬಂದಿತ್ತು. ಅಕ್ಕ ಎದ್ದು ಒಳಗೆ ಹೋದಳು. ಮುದ್ದೆ ತೊಳಸುವ ಸದ್ದು ಕೇಳಿತು. ಉಣ್ಣು ಬಾ ಎಂದು ಕರೆಯಲಿಲ್ಲ. ನಾನು ಚಪ್ಪಲಿ ಮೆಟ್ಟಿ ಹೊರಟೆ. ಬಾಗಲೂರಿನ ದಾರಿ ಹಿಡಿಯಲಿಲ್ಲ. ಅಂದು ಸಂತೆಯ ದಿನ. ಬಾವನನ್ನು ನೋಡಿ ನಕ್ಕವರಲ್ಲಿ ಬದುಕಿ ಉಳಿದವರು ಅಂಚೆಟ್ಟಿಯಲ್ಲಿ ಸಿಗುತ್ತಿದ್ದರು. ಐದೂ ತಗುಲಿದ್ದವು ಎಂದು ಮೊದಲು ಅವರಿಗೆ ಹೋಗಿ ಹೇಳುವುದಿತ್ತು.