ಒಸಾಕಾದಲ್ಲಿ ಇಬ್ಬರಿಗೂ ಒಗ್ಗಿದ ಹೋಟೆಲ್

ಬೆಳಗಿನ ಸ್ನಾನಕ್ಕೆಂದು ಬಿಸಿನೀರಿನ ತೊಟ್ಟಿಗೆ ಕಾಲಿಟ್ಟಾಗ, ಅದರಲ್ಲಿ ಕುತ್ತಿಗೆವರೆಗೆ ಮುಳುಗಿ ಕುಳಿತಿದ್ದವರು ನಮ್ಮ ಕ್ಲೈಂಟ್ ಕಂಪನಿಯ ಮ್ಯಾನೇಜರ್ ಮೊರಿತಾ ಸಾನ್.

ಎರಡು ಸಾವಿರದ ಇಸವಿಗೆ ಕಂಪ್ಯೂಟರುಗಳು ಕೈಕೊಡದಂತೆ ನೋಡುವ ವೈಟುಕೆ ಟೆಸ್ಟಿಂಗ್‌ಗೆಂದು ಇಬ್ಬರೂ ಟೋಕಿಯೋದಿಂದ ಒಸಾಕಾಕ್ಕೆ ಬಂದಿದ್ದೆವು. ಸ್ಟೇಷನ್ ಎದುರಿನ ದೊಡ್ಡ ಹೋಟೆಲನ್ನು ನನಗೆ ಶಿಫಾರಸು ಮಾಡಿದ್ದವರು ಅವರೇ. ತಾವೂ ಅಲ್ಲೇ ಇಳಿಯುವುದಾಗಿ ಹೇಳಿದ್ದರು. ಕಂಪನಿ ಕೊಟ್ಟ ಪ್ರಯಾಣ ಭತ್ಯೆ ಉಳಿಸಲು ನಾನು ಈ ಕ್ಯಾಪ್ಸೂಲ್ ಹೋಟೆಲ್ ಹಿಡಿದಿದ್ದೆ. ಮಲಗಲು ರೈಲಿನ ಬರ್ತಿನಷ್ಟು ಗೂಡು, ಸ್ನಾನಕ್ಕೆ ಎಲ್ಲರಿಗೂ ಒಂದೇ ತೊಟ್ಟಿ.

ಅವರು ಕುಳಿತಲ್ಲೇ ತಲೆಬಾಗಿದರು. ನಾನು ಸೊಂಟದ ಟವೆಲ್ ಬಿಗಿಹಿಡಿದು ಬಾಗಿದೆ.

“ಸುಮಿಮಾಸೆನ್, ಟವೆಲ್ ನೀರಿಗೆ ತರೋ ಹಾಗಿಲ್ಲ,” ಎಂದರು ಮೆಲ್ಲಗೆ, ಕ್ಷಮೆ ಕೋರುತ್ತಾ.

ಮೈಸೂರಿನಲ್ಲಿ ಒಡಹುಟ್ಟಿದ ತಮ್ಮನ ಮುಂದೂ ಬಿಚ್ಚದ ಟವೆಲನ್ನು ಬಿಚ್ಚಿ ಕಟ್ಟೆಯ ಮೇಲಿಟ್ಟೆ. ಇಬ್ಬರೂ ಗೋಡೆ ನೋಡುತ್ತಾ ಕುಳಿತೆವು.

ಅಂದಿನ ಮೀಟಿಂಗಿನಲ್ಲಿ ಸೂಟು ತೊಟ್ಟ ಮೊರಿತಾ ಸಾನ್, ತಮ್ಮ ಬಾಸ್ ಎದುರಿನಲ್ಲೇ ಕೇಳಿದರು: “ಹೋಟೆಲ್ ಅನುಕೂಲವಾಗಿದೆಯಾ?”

“ತುಂಬಾ. ನಿಮ್ಮದು?”

“ನಂದೂ ಚೆನ್ನಾಗಿದೆ.”

ಮುಂದಿನ ಸಲ ಒಸಾಕಾಕ್ಕೆ ಹೊರಟಾಗ ಅವರು ಯಾವ ಹೋಟೆಲನ್ನೂ ಶಿಫಾರಸು ಮಾಡಲಿಲ್ಲ. ತಾವು ಸ್ನಾನಕ್ಕೆ ಆರು ಗಂಟೆಗೆ ಹೋಗುವುದಾಗಿಯೂ, ಏಳು ಗಂಟೆ ನನಗೆ ಅನುಕೂಲವಾಗಬಹುದೆಂದೂ ಹೇಳಿದರು.